ಕನ್ನಡ ಎಂ.ಎ. ತರಗತಿಯ ಬಾಗಿಲು

ಕಾಲೇಜುಗಳಿಗೆ ಅರ್ಜಿ ಹಾಕುವ ಕಾಲ ಬಂದಿತೆಂದರೆ ಮೈಸೂರಿನ ಮನೆಮನೆಗಳಲ್ಲಿ ಎರಡು ಪ್ರಶ್ನೆಗಳು ಕೇಳಿಬರುತ್ತವೆ. ಸೇರುವುದಕ್ಕೆ ಏನೇನು ಆಗಿರಬೇಕು? ಮುಗಿಸುವುದಕ್ಕೆ ಏನೇನು ಮಾಡಬೇಕು? ಈ ಪ್ರಶ್ನೆಗಳನ್ನು ಕೇಳುವವರು ತಂದೆತಾಯಿಗಳು; ಉತ್ತರ ಹೇಳಬೇಕಾದವರು ವಿಶ್ವವಿದ್ಯಾನಿಲಯದವರು. ಈ ಹೊತ್ತು ನಾವು ಇದೇ ಪ್ರಶ್ನೆಗಳನ್ನು ಎತ್ತಿಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣವೆಂದಿದ್ದೇವೆ. ನಮ್ಮ ವಿಷಯ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಎಂ.ಎ. ತರಗತಿ. ಅದಕ್ಕೆ ವಿದ್ಯಾರ್ಥಿಗಳು ಸೇರುವುದಕ್ಕೆ ಮುಂಚೆ ಕನ್ನಡವೇ ಒಬ್ಬ ಅಭ್ಯರ್ಥಿಯಂತೆ ಬಾಗಿಲ ಹೊರಗೆ ಬಹುಕಾಲ ನಿಂತಿದ್ದಿತು. ಆ ಅಭ್ಯರ್ಥಿಯಿಂದ ಏನೇನನ್ನು ಕೇಳಿದರು, ಅದು ಏನೇನನ್ನು ತಂದು ತೋರಿಸಿತು ಎಂಬುದನ್ನು ತಿಳಿಯದೆ ಹೋದರೆ ಇಂದಿನ ನಿಯಮಗಳು ಬರಿಯ ನಿಯಮಗಳಾಗಿಯೇ ಉಳಿಯುತ್ತವೆ.

ಮೈಸೂರು ವಿಶ್ವವಿದ್ಯಾನಿಲಯ ಪ್ರಾರಂಭವಾದುದು 1916ನೆಯ ಇಸವಿ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರವರು ಆಗ ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಬ್ರಿಟಿಷರ ನೇರ ಆಳ್ವಿಕೆಗೆ ಒಳಪಡದ ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲನೆಯ ವಿಶ್ವವಿದ್ಯಾನಿಲಯ ಇದು. ಅದಕ್ಕೆ ಮುಂಚೆ ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದ್ರಾಸು ವಿಶ್ವವಿದ್ಯಾನಿಲಯದ ಅಂಗಗಳಾಗಿದ್ದುವು. ಪಾಠ ನಡೆಯುತ್ತಿದ್ದುದು ಇಲ್ಲಿ. ಪರೀಕ್ಷೆಯ ಕಟ್ಟಳೆಗಳು ಬರುತ್ತಿದ್ದುದು ಮದ್ರಾಸಿನಿಂದ. ಮೆಟ್ರಿಕ್ಯುಲೇಷನ್, ಆಮೇಲೆ ಎರಡು ವರ್ಷದ ಎಫ್.ಎ., ಆಮೇಲೆ ಬಿ.ಎ. ಎಂಬ ಮೆಟ್ಟಿಲುಗಳನ್ನು ನಮ್ಮ ಹಿರಿಯರು ಹತ್ತಿದುದು ಹೀಗೆ. ಆ ಮೆಟ್ಟಿಲುಗಳಲ್ಲಿ ಕನ್ನಡಕ್ಕೆ ಇದ್ದುದು ಎರಡನೆಯ ಭಾಷೆಯ ಸ್ಥಾನ.

ಆದರೂ ಮದ್ರಾಸಿನಲ್ಲಿ ಕನ್ನಡದಲ್ಲಿ ಎಂ.ಎ. ಪರೀಕ್ಷೆಗೆ ಕೂರುವುದಕ್ಕೆ ಅವಕಾಶವಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಆರ್. ನರಸಿಂಹಾಚಾರ್ಯರು ಆ ಪದವಿಯನ್ನು ಪಡೆದರು. ಕನ್ನಡದಲ್ಲಿ ಎಂ.ಎ. ಆದವರಲ್ಲಿ ಅವರೇ ಮೊದಲಿಗರೆಂದು ಹೇಳುತ್ತಾರೆ. ಅವರಿಗೆ ಪಾಠ ಹೇಳುವ ತರಗತಿ ಎಲ್ಲಿದ್ದಿತು? ಓದುವುದಕ್ಕೆ ಸಾಹಿತ್ಯಚರಿತ್ರೆಯ ಪುಸ್ತಕ ಎಲ್ಲಿದ್ದಿತು? ಆ ಪುಸ್ತಕವನ್ನು ಮುಂದೆ ಬರೆದವರೂ ಅವರೇ. 'ಕರ್ಣಾಟಕ ಕವಿಚರಿತೆ'ಯ ಮೊದಲನೆಯ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಹೊರಬಂದುವು. ಪರೀಕ್ಷೆಗೆ ಕುಳಿತವನು ತನ್ನ ಪಠ್ಯಪುಸ್ತಕವನ್ನು ತಾನೇ ಆಮೇಲೆ ಬರೆಯಬೇಕಾಗಿ ಬಂದುದು ವಿಚಿತ್ರವಾಗಿ ಕಾಣಬಹುದು. ಕನ್ನಡದ ಮಟ್ಟಿಗೆ ಇದು ಮುಂದೆಯೂ ನಡೆದ ಸಂಗತಿ.

ಹೊಸ ವಿಶ್ವವಿದ್ಯಾನಿಲಯ ಬಂದ ಮೇಲೆ ಪ್ರವೇಶದ ಕಟ್ಟಳೆಗಳು ಮೈಸೂರಿನಲ್ಲಿಯೇ ತಯಾರಾದುವು. ಮದ್ರಾಸಿನ ಎರಡು ವರ್ಷದ ಮೆಟ್ಟಿಲನ್ನು ಬಿಟ್ಟು ಇಲ್ಲಿಯವರು ಬೇರೊಂದು ಏರ್ಪಾಡನ್ನು ಮಾಡಿದರು. ಹೈಸ್ಕೂಲು ಮುಗಿದ ಮೇಲೆ ಕೊಲಿಜಿಯೆಟ್ ಹೈಸ್ಕೂಲಿನಲ್ಲಿ ಒಂದು ವರ್ಷ ಓದಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಗೆ ಕೂರಬೇಕು; ತೇರ್ಗಡೆಯಾದರೆ ಮೂರು ವರ್ಷದ ಪದವಿ ತರಗತಿ. ಈ ಪ್ರವೇಶ ಪರೀಕ್ಷೆ ಎಷ್ಟು ಮಂದಿಯ ನಿದ್ದೆ ಕೆಡಿಸಿತೋ ಹೇಳಲಾಗದು. ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದು ಲೋಕಪ್ರಸಿದ್ಧರಾದ ಆರ್. ಕೆ. ನಾರಾಯಣರವರು ಇದೇ ಪರೀಕ್ಷೆಯಲ್ಲಿ ಒಮ್ಮೆ ಸೋತರು. ಅವರ ತಂದೆಯವರಾದರೋ ಮಹಾರಾಜ ಹೈಸ್ಕೂಲಿನ ಹೆಡ್ ಮಾಸ್ಟರು! ಒಂದು ವರ್ಷ ಮನೆಯಲ್ಲಿಯೇ ತಮಗೆ ಬೇಕಾದುದನ್ನು ಓದುತ್ತ ಕಳೆದು, 1926ರಲ್ಲಿ ತೇರ್ಗಡೆಯಾಗಿ ಮಹಾರಾಜ ಕಾಲೇಜನ್ನು ಸೇರಿದರು. ಮೂರು ವರ್ಷದ ಪದವಿಗೆ ನಾಲ್ಕು ವರ್ಷ ತೆಗೆದುಕೊಂಡು 1930ರಲ್ಲಿ ಬಿ.ಎ. ಆದರು. ಅವರು ಕಾಲೇಜಿನಲ್ಲಿದ್ದಾಗಲೇ ಈ ಏರ್ಪಾಡೂ ಬದಲಾಯಿಸಿ ಎರಡು ವರ್ಷದ ಇಂಟರ್‌ಮೀಡಿಯೆಟ್, ಎರಡು ವರ್ಷದ ಬಿ.ಎ. ಎಂಬ ಕ್ರಮ ಬರುತ್ತಿದ್ದಿತು. ಇಂದು ಯುವರಾಜ ಕಾಲೇಜೆಂದು ಹೆಸರಾಗಿರುವ ಸಂಸ್ಥೆ ಆ ಕಾಲದ ಇಂಟರ್‌ಮೀಡಿಯೆಟ್ ಕಾಲೇಜಾಗಿ ಹುಟ್ಟಿದುದು.

ಈ ಬಾಗಿಲುಗಳೆಲ್ಲ ಯಾವ ಭಾಷೆಯಲ್ಲಿ ತೆರೆಯುತ್ತಿದ್ದುವು ಎಂಬುದನ್ನು ನಾವು ಮರೆಯಲಾಗದು. ಕನ್ನಡ ನಾಡಿನ ವಿಶ್ವವಿದ್ಯಾನಿಲಯವಾದರೂ ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿ. ಚರಿತ್ರೆಯನ್ನು ಓದುವವನಿಗೂ ಗಣಿತವನ್ನು ಓದುವವನಿಗೂ ಇಂಗ್ಲಿಷು ಬರಲೇಬೇಕು. ಕನ್ನಡವನ್ನೇ ಆಳವಾಗಿ ಓದಬೇಕೆಂಬ ಆಸೆಯುಳ್ಳ ಹಳ್ಳಿಯ ಹುಡುಗನೂ ಮೊದಲು ಇಂಗ್ಲಿಷಿನ ಹೊಸ್ತಿಲನ್ನು ದಾಟಿಯೇ ಬರಬೇಕು. ಹಳಗನ್ನಡ ಕಾವ್ಯಗಳು ಬಾಯಿಗೆ ಬರುವ ಪಂಡಿತರು ನಾಡಿನಲ್ಲಿ ಎಷ್ಟೋ ಮಂದಿ ಇದ್ದರು. ಅವರಲ್ಲಿ ಬಹುಮಂದಿ ಆ ಹೊಸ್ತಿಲಿನ ಆಚೆಗೇ ಉಳಿದರು. ಇದನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ. ಆ ಕಾಲದಲ್ಲಿ ದೇಶದ ವಿಶ್ವವಿದ್ಯಾನಿಲಯಗಳ ಸಾಮಾನ್ಯ ಸ್ಥಿತಿ ಇದೇ ಆಗಿದ್ದಿತು. ಆದರೆ ಕನ್ನಡ ಎಂ.ಎ.ಯ ಚರಿತ್ರೆಯನ್ನು ಹೇಳುವಾಗ ಇದನ್ನು ಬಿಟ್ಟರೆ ಅರ್ಧವನ್ನೇ ಹೇಳಿದಂತಾಗುತ್ತದೆ.

ಇಲ್ಲಿ ಒಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳು ಎಚ್. ವಿ. ನಂಜುಂಡಯ್ಯನವರು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಕಾನೂನಿನ ವಿಷಯವನ್ನು ಕನ್ನಡದಲ್ಲಿ ತಿಳಿಸಲು 'ವ್ಯವಹಾರ ದೀಪಿಕೆ'ಯನ್ನು ಬರೆದವರು ಅವರು. ಒಂದು ಕೈಯಲ್ಲಿ ಪರಿಷತ್ತು, ಇನ್ನೊಂದು ಕೈಯಲ್ಲಿ ವಿಶ್ವವಿದ್ಯಾನಿಲಯ. ಹೀಗಿದ್ದೂ ಕನ್ನಡದಲ್ಲಿ ಎಂ.ಎ. ತರಗತಿ ಪ್ರಾರಂಭವಾದುದು 1927ರಲ್ಲಿ. ಎಂದರೆ ಹನ್ನೊಂದು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ನಂಜುಂಡಯ್ಯನವರು ತೀರಿಕೊಂಡು ಏಳು ವರ್ಷಗಳಾಗಿದ್ದುವು. ಬ್ರಜೇಂದ್ರನಾಥ ಶೀಲರು ಉಪಕುಲಪತಿಗಳಾಗಿದ್ದರು.

ಈ ವಿಳಂಬಕ್ಕೆ ಅನಾದರವೊಂದೇ ಕಾರಣವೆಂದು ಹೇಳುವವರುಂಟು. ನಮಗೆ ಅದು ಪೂರ್ಣವಾಗಿ ಒಪ್ಪಿಗೆಯಲ್ಲ. ಉನ್ನತ ತರಗತಿಯೊಂದನ್ನು ತೆರೆಯಬೇಕಾದರೆ ವಿದ್ಯಾರ್ಥಿಯ ಅರ್ಹತೆಗೆ ಮುಂಚೆ ವಿಷಯದ ಅರ್ಹತೆಯನ್ನು ನೋಡುತ್ತಾರೆ. ಅಚ್ಚಾದ ಗ್ರಂಥಗಳು ಬೇಕು, ವ್ಯಾಕರಣ ಬೇಕು, ನಿಘಂಟು ಬೇಕು, ಸಾಹಿತ್ಯದ ಚರಿತ್ರೆ ಬೇಕು. ಇವೆಲ್ಲವನ್ನೂ ಇಟ್ಟುಕೊಂಡು ಪಾಠ ಹೇಳಬಲ್ಲವರು ಬೇಕು. ಇಂಗ್ಲಿಷಿಗೂ ಸಂಸ್ಕೃತಕ್ಕೂ ಇವು ಸಿದ್ಧವಾಗಿದ್ದುವು. ಕನ್ನಡಕ್ಕೆ ಒಂದೊಂದಾಗಿ ಕೂಡಿಸಬೇಕಾಗಿದ್ದಿತು.

ಕೂಡಿಸಿದವರು ಯಾರು? ಮೊದಲು ನೆನೆಯಬೇಕಾದವರಲ್ಲಿ ಪರದೇಶದಿಂದ ಬಂದವರೂ ಉಂಟು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಕಿಟ್ಟೆಲರು 1872ರಲ್ಲಿ ಅಚ್ಚುಮಾಡಿಸಿದರು. ನಾಗವರ್ಮನ ಛಂದಸ್ಸನ್ನು 1875ರಲ್ಲಿ ತಂದರು. 1894ರಲ್ಲಿ ಅವರ ದೊಡ್ಡ ನಿಘಂಟು ಹೊರಬಂದಿತು. ಕಾಲ್ಡ್‌ವೆಲ್ಲರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ 1856ರಷ್ಟು ಹಿಂದೆಯೇ ಪ್ರಕಟವಾಗಿ, ಕನ್ನಡವು ತಮಿಳು ತೆಲುಗುಗಳ ಒಡಹುಟ್ಟೆಂಬುದನ್ನು ಶಾಸ್ತ್ರೀಯವಾಗಿ ತೋರಿಸಿತ್ತು. ಮೈಸೂರಿನಲ್ಲಿ ಬಿ. ಎಲ್. ರೈಸರು ಊರೂರಿನ ಕಲ್ಲುಗಳ ಬರಹಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳನ್ನು ತಂದರು. 'ಬಿಬ್ಲಿಯೊಥಿಕ ಕರ್ನಾಟಿಕ' ಎಂಬ ಮಾಲೆಯಲ್ಲಿ ಪ್ರಾಚೀನ ಗ್ರಂಥಗಳನ್ನು ಅಚ್ಚುಹಾಕಿಸಿದರು. ಪಂಪನ ಭಾರತವೂ, ಕೆ. ಬಿ. ಪಾಠಕರು ಸಂಪಾದಿಸಿದ 'ಕವಿರಾಜಮಾರ್ಗ'ವೂ ಆ ಮಾಲೆಯಲ್ಲಿ 1898ರಲ್ಲಿ ಬಂದುವು. ಸಾವಿರ ವರ್ಷಗಳ ಹಿಂದಿನ ಕಾವ್ಯವೊಂದು ಓಲೆಗರಿಯನ್ನು ಬಿಟ್ಟು ಕಾಗದಕ್ಕೆ ಇಳಿದು ಆಗ ಮೂವತ್ತು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲಿ ಅದನ್ನು ಎಂ.ಎ. ತರಗತಿಗೆ ಪಠ್ಯವಾಗಿ ಇಡುವ ದಿನ ಬಂದಿತು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಕಟ್ಟಡದ ಮುಂದೆ ಹಾದುಹೋಗುವಾಗ ನಾವು ಈ ಮಾತನ್ನು ನೆನೆಯುವುದುಂಟು. 1891ರಲ್ಲಿ ಪ್ರಾರಂಭವಾದ ಆ ಭಂಡಾರದಲ್ಲಿ ಓಲೆಗರಿಗಳು ಕೂಡಿಬಾರದಿದ್ದರೆ ಎದುರಿನ ಕಾಲೇಜಿನಲ್ಲಿ ಪಾಠ ಹೇಳುವುದಕ್ಕೆ ಎಷ್ಟು ಉಳಿಯುತ್ತಿದ್ದಿತು?

ಪುಸ್ತಕಗಳ ಮಾತಾಯಿತು. ಮನುಷ್ಯರ ಮಾತಿಗೆ ಬಂದರೆ ಮೂವರ ಹೆಸರನ್ನು ಹೇಳಬೇಕು. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರೊಫೆಸರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆ ಯಾವುದೆಂದು ಭಾಷಣ ಮಾಡಿದ ಅವರು, 1926ರಿಂದ 1930ರ ವರೆಗೆ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ಕನ್ನಡ ಎಂ.ಎ. ಪ್ರಾರಂಭವಾದುದು ಈ ಅವಧಿಯಲ್ಲಿಯೇ ಎಂಬುದು ಗಮನಾರ್ಹ. ಅರ್ಜಿಗಳೂ ನಿಯಮಗಳೂ ಹಾದುಹೋಗುವ ಕುರ್ಚಿಯಲ್ಲಿ ಕನ್ನಡದ ಅಭಿಮಾನಿಯೊಬ್ಬರು ಕುಳಿತಿದ್ದುದು ಕನ್ನಡದ ಭಾಗ್ಯ. ಎರಡನೆಯವರು ಟಿ. ಎಸ್. ವೆಂಕಣ್ಣಯ್ಯನವರು, ಮೂರನೆಯವರು ಎ. ಆರ್. ಕೃಷ್ಣಶಾಸ್ತ್ರಿಗಳು. ಶಾಸ್ತ್ರಿಗಳು 1919ರಲ್ಲಿಯೇ 'ಪ್ರಬುದ್ಧ ಕರ್ಣಾಟಕ' ಪತ್ರಿಕೆಯನ್ನು ಹುಟ್ಟಿಸಿ ಕಾಲೇಜಿನ ಹುಡುಗರಿಗೆ ಕನ್ನಡದಲ್ಲಿ ಬರೆಯುವುದಕ್ಕೆ ಒಂದು ಅಂಗಳವನ್ನು ಒದಗಿಸಿದ್ದರು.

ಈಗ ಬಾಗಿಲು ತೆರೆಯಿತು. ಒಳಗೆ ಬಂದವರು ಯಾರು? ಮೊದಲ ತಂಡದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳು. ಅವರಲ್ಲಿ ಒಬ್ಬರು ಮಲೆನಾಡಿನ ಕುಪ್ಪಳಿಯ ಕೆ. ವಿ. ಪುಟ್ಟಪ್ಪನವರು, ಇನ್ನೊಬ್ಬರು ಡಿ. ಎಲ್. ನರಸಿಂಹಾಚಾರ್ಯರು. ಪುಟ್ಟಪ್ಪನವರು ಬಿ.ಎ.ಯಲ್ಲಿ ಓದಿದ್ದುದು ತತ್ತ್ವಶಾಸ್ತ್ರ. ಎಂ.ಎ.ಗೂ ಅದನ್ನೇ ಹಿಡಿಯಬೇಕೆಂದು ಅವರಿಗೆ ಮನಸ್ಸು. ವೆಂಕಣ್ಣಯ್ಯನವರು ಅವರನ್ನು ಒಲಿಸಿ ಹೊಸ ತರಗತಿಗೆ ಸೇರಿಸಿದರು. ಪ್ರವೇಶದ ನಿಯಮವನ್ನು ಬರೆಯುವವರು ಕೂಡ ಇಂಥ ಪ್ರವೇಶವನ್ನು ಮುಂದಾಗಿ ಕಾಣಲಾರರು. ಕಾಗದದ ಮೇಲೆ ನೋಡಿದರೆ ಆ ಹುಡುಗ ಬೇರೆ ಶಾಸ್ತ್ರದವನು. ಎದುರಿಗೆ ಕೂರಿಸಿಕೊಂಡು ನೋಡಿದ ಗುರುವಿಗೆ ಬೇರೆಯೇ ಕಂಡಿತು. 1929ರಲ್ಲಿ ಎಂ.ಎ. ಮುಗಿಸಿ ಅದೇ ಮಹಾರಾಜ ಕಾಲೇಜಿನಲ್ಲಿ ಪುಟ್ಟಪ್ಪನವರು ಅಧ್ಯಾಪಕರಾದರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಶಿಷ್ಯರು ಮುಂದೆ ಮುಗಿಸಿದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದುದು ಆ ಗುರುವಿಗೆ.

ಓದಬೇಕಾದುದು ಏನು ಎಂಬುದಕ್ಕೆ ಬರೋಣ. ಪಂಪ, ರನ್ನ ಮೊದಲಾದವರ ಹಳಗನ್ನಡ ಚಂಪೂಕಾವ್ಯಗಳು, ನಡುಗನ್ನಡದ ಕವಿಗಳು, ವ್ಯಾಕರಣ, ಛಂದಸ್ಸು, ಅಲಂಕಾರಶಾಸ್ತ್ರ, ಭಾಷೆಯ ಚರಿತ್ರೆ, ಸಾಹಿತ್ಯದ ಚರಿತ್ರೆ, ಶಾಸನಗಳು: ಕನ್ನಡದ ಉನ್ನತ ವ್ಯಾಸಂಗವೆಂದರೆ ಇವಿಷ್ಟೂ ಎಂಬ ಕಲ್ಪನೆ ಗಟ್ಟಿಯಾದುದು ಈ ತರಗತಿಯಿಂದಲೇ. ವಿಶ್ವವಿದ್ಯಾನಿಲಯ ಪ್ರಕಟಿಸಿದ 'ಕನ್ನಡ ಕೈಪಿಡಿ'ಯನ್ನು ನೋಡಿದವರಿಗೆ ಈ ಆವರಣ ಚೆನ್ನಾಗಿ ತಿಳಿಯುತ್ತದೆ. ನಮ್ಮ ಪೈಕಿ ಹಲವರಿಗೆ ಶಬ್ದಮಣಿದರ್ಪಣದ ಸೂತ್ರಗಳು ಇಂದಿಗೂ ಪರೀಕ್ಷೆಯ ಭಯದೊಡನೆಯೇ ನೆನಪಿಗೆ ಬರುತ್ತವೆ. ಆದರೆ ಒಂದು ಸಂಧಿಯನ್ನು ಸರಿಯಾಗಿ ಬಿಡಿಸದೆ ಪಂಪನ ಒಂದು ಪದ್ಯದ ಅರ್ಥವನ್ನು ಹೇಳುವುದು ಸಾಧ್ಯವಿಲ್ಲವೆಂಬುದು ಆ ಭಯದಿಂದಲೇ ತಿಳಿದುದು. ಮುಂದೆ ಆನರ್ಸ್ ತರಗತಿ ಬಂದಿತು. ಇಂಟರ್‌ಮೀಡಿಯೆಟ್ ಮುಗಿದ ಕೂಡಲೆ ಮೂರು ವರ್ಷ ಕನ್ನಡವನ್ನೇ ಮುಖ್ಯವಾಗಿ ಓದಿ, ಮತ್ತೊಂದು ವರ್ಷದಲ್ಲಿ ಎಂ.ಎ. ಆಗುವ ಕ್ರಮ ಅದು. ಆ ಮಾರ್ಗದಲ್ಲಿ ಬಂದವರ ಹಳಗನ್ನಡದ ಹಿಡಿತ ಬಲು ಬಿಗಿಯೆಂಬುದನ್ನು ಅವರ ಸಂಪಾದನೆಯ ಗ್ರಂಥಗಳೇ ಹೇಳುತ್ತವೆ.

ಇಷ್ಟೆಲ್ಲ ಓದಿ ತೇರ್ಗಡೆಯಾದ ಮೇಲೆ ಏನು? ಈ ಪ್ರಶ್ನೆಯನ್ನು ಇಂದಿನ ತಂದೆತಾಯಿಗಳು ಕೇಳುವಂತೆಯೇ ಅಂದಿನವರೂ ಕೇಳಿದರು. ಅವರಿಗೆ ಸಿಕ್ಕಿದ ಉತ್ತರ ಸಮಾಧಾನಕರವಾಗಿರಲಿಲ್ಲ. ಕನ್ನಡದ ಅಧ್ಯಾಪಕ ಹುದ್ದೆಗಳು ಕೆಲವೇ ಕೆಲವು. ಜಿ. ಪಿ. ರಾಜರತ್ನಂ ಅವರು 1931ರಲ್ಲಿ ಕನ್ನಡ ಎಂ.ಎ. ಆದರು, ಕಾಲೇಜಿನ ಕೆಲಸ ಕೂಡಲೇ ದೊರೆಯಲಿಲ್ಲ. ಕೆಲವು ಕಾಲ ಅವರು ಪುಟ್ಟ ಮಕ್ಕಳಿಗೆ ಪಾಠ ಹೇಳಿದರು. ಎಂ.ಎ. ಪದವೀಧರನೊಬ್ಬ ಶಿಶುವಿಹಾರದಲ್ಲಿ ನಿಂತುದನ್ನು ಕಂಡು ಮರುಗಿದವರಿದ್ದಿರಬೇಕು. ಆದರೆ ಕನ್ನಡದ ಮಕ್ಕಳಿಗೆ 'ತುತ್ತೂರಿ'ಯ ಹಾಡುಗಳು ದೊರೆತುದು ಆ ಮಕ್ಕಳ ಸಹವಾಸದಿಂದಲೇ. ನರಸಿಂಹಾಚಾರ್ಯರಾದರೋ 1930ರ ದಶಕದಲ್ಲಿ ಹಲವು ವರ್ಷ ಓರಿಯಂಟಲ್ ಲೈಬ್ರರಿಯಲ್ಲಿ ಕನ್ನಡ ಪಂಡಿತರಾಗಿ ಓಲೆಗರಿಗಳ ನಡುವೆ ಕುಳಿತರು. ಕಾಲೇಜಿನ ವೇದಿಕೆ ಸಿಗಲಿಲ್ಲವೆಂಬ ಕೊರಗಿಗೆ ಎಡೆಯುಂಟು. ಆದರೆ ಗ್ರಂಥಸಂಪಾದನೆಯ ಶಾಸ್ತ್ರವನ್ನು ಕೈಕೆಲಸವಾಗಿ ಕಲಿಯುವುದಕ್ಕೆ ಅದಕ್ಕಿಂತ ತಕ್ಕ ಜಾಗ ನಾಡಿನಲ್ಲಿ ಬೇರೆ ಇರಲಿಲ್ಲ. 1949ರಲ್ಲಿ ಅವರು ಸಂಪಾದಿಸಿದ 'ವಡ್ಡಾರಾಧನೆ' ಹೊರಬಂದಿತು. ಕನ್ನಡದ ಮೊಟ್ಟಮೊದಲ ಗದ್ಯಕೃತಿಗಳಲ್ಲಿ ಒಂದಾದ ಅದು, ತಾವು ವಿದ್ಯಾರ್ಥಿಯಾಗಿದ್ದಾಗ ತರಗತಿಯ ಮೇಜಿನ ಮೇಲೆ ಇಲ್ಲದಿದ್ದ ಪುಸ್ತಕ, ಮುಂದಿನವರಿಗೆ ಪಠ್ಯವಾಯಿತು. ಕವಿಚರಿತೆಯ ನರಸಿಂಹಾಚಾರ್ಯರ ಕಥೆಯೇ ಇನ್ನೊಮ್ಮೆ ನಡೆಯಿತೆನ್ನಬೇಕು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಸಂಪಾದಕತ್ವವೂ ಅವರ ಹೆಗಲಿಗೆ ಬಂದಿತು. ಅವರು 1971ರಲ್ಲಿ ತೀರಿಕೊಂಡರು. ಮೈಸೂರಿನ ಎಂ.ಎ. ಪದವೀಧರರೇ ಆದ ಜಿ. ವೆಂಕಟಸುಬ್ಬಯ್ಯನವರು ಆ ಕೆಲಸವನ್ನು ಮುಂದುವರಿಸಿದರು. ಎಂಟನೆಯ ಸಂಪುಟದೊಡನೆ ನಿಘಂಟು ಪೂರ್ಣವಾದುದು 1995ರಲ್ಲಿ.

ಬಾಗಿಲಿನೊಳಗೆ ಬರಲಾರದವರ ಮಾತನ್ನು ಮೇಲೆ ಎತ್ತಿದ್ದೆವು. ಅವರನ್ನು ವಿಶ್ವವಿದ್ಯಾನಿಲಯ ಪೂರ್ಣವಾಗಿ ಮರೆಯಿತೆಂದು ಹೇಳಲಾಗದು. 1933ರಿಂದ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡತೊಡಗಿದರು. ಅವು ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಕ್ಕಿದುವು. ಆ ಉಪನ್ಯಾಸಗಳನ್ನು ಕೇಳುವುದಕ್ಕೆ ಪ್ರವೇಶ ಪರೀಕ್ಷೆಯಿರಲಿಲ್ಲ. ಎರಡು ವರ್ಷದ ಮೇಲೆ, 1935ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಸ್ಥಾಪಿಸಿದಾಗ ಆ ಅಂಗಳ ಇನ್ನೂ ವಿಸ್ತಾರವಾಯಿತು. ನಮ್ಮ ಈ ಉಪನ್ಯಾಸಮಾಲೆಯ ಬೇರೂ ಅಲ್ಲಿಯೇ ಇರುವುದರಿಂದ ಅದನ್ನು ಹೊಗಳುವುದಕ್ಕೆ ಸಂಕೋಚವಾಗುತ್ತದೆ; ಇಷ್ಟಕ್ಕೆ ನಿಲ್ಲಿಸುತ್ತೇವೆ.

1956ರಲ್ಲಿ ಪುಟ್ಟಪ್ಪನವರೇ ಉಪಕುಲಪತಿಗಳಾದರು. ಕನ್ನಡ ಎಂ.ಎ. ತರಗತಿಯ ಮೊದಲ ಬೆಂಚಿನಿಂದ ಎದ್ದವರು ಇಡೀ ವಿಶ್ವವಿದ್ಯಾನಿಲಯದ ಬಾಗಿಲನ್ನು ಕಾಯುವ ಸ್ಥಾನಕ್ಕೆ ಬಂದಂತಾಯಿತು. ಕಾಲೇಜಿನಲ್ಲಿ ಕನ್ನಡದಲ್ಲಿಯೇ ಪಾಠ ಹೇಳುವ ಪ್ರಯತ್ನಕ್ಕೂ ಅದಕ್ಕೆ ಬೇಕಾದ ಪುಸ್ತಕಗಳ ರಚನೆಗೂ ಅವರು ಒತ್ತುಕೊಟ್ಟುದು ಸಹಜವೇ. ಸ್ನಾತಕೋತ್ತರ ವ್ಯಾಸಂಗಕ್ಕೆ ಬೇರೆಯ ಆವರಣವೇ ಬೇಕೆಂದು ಕುಕ್ಕರಹಳ್ಳಿ ಕೆರೆಯ ಆಚೆ ಮಾನಸಗಂಗೋತ್ರಿಯನ್ನು ಕಲ್ಪಿಸಿದವರೂ ಅವರೇ. ಅದು 1960ರಲ್ಲಿ ಪ್ರಾರಂಭವಾಯಿತು. ಎಂ.ಎ. ತರಗತಿ ಮಹಾರಾಜ ಕಾಲೇಜಿನಿಂದ ಅಲ್ಲಿಗೆ ಹೋಯಿತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪಿತವಾಗಿ, ಈಗ ಅದಕ್ಕೆ ಕುವೆಂಪು ಅವರ ಹೆಸರೇ ಸೇರಿದೆ. ಅದೇ ವರ್ಷ ಪ್ರಕಟವಾದ ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಎಂ.ಎ.ಯ ಆಚೆಗಿನ ಮೆಟ್ಟಿಲು ಎಷ್ಟು ಎತ್ತರವಿರಬಹುದೆಂಬುದಕ್ಕೆ ಅಳತೆಗೋಲಾಯಿತು. ರೈಸರು ಕಲ್ಲಿನಿಂದ ಕಾಗದಕ್ಕೆ ಇಳಿಸಿದ ಬರಹಗಳಲ್ಲಿ ಜನಜೀವನವನ್ನು ಓದಿದ ಗ್ರಂಥ ಅದು.

ಈಚಿನ ನಿಯಮಗಳ ವಿಷಯವಾಗಿ ಎರಡು ಮಾತು. ವರ್ಷದ ಕೊನೆಗೆ ಒಂದೇ ಸಾರಿ ಪರೀಕ್ಷೆ ಕೊಟ್ಟು ಭವಿಷ್ಯವನ್ನು ತೀರ್ಮಾನಿಸಿಕೊಳ್ಳುತ್ತಿದ್ದ ಕಾಲ ಹೋಯಿತು. ಎರಡು ವರ್ಷವನ್ನು ನಾಲ್ಕು ಸೆಮಿಸ್ಟರುಗಳಾಗಿ ಒಡೆದಿದ್ದಾರೆ. ಕ್ರೆಡಿಟ್ ಪದ್ಧತಿ ಜಾರಿಗೆ ಬಂದಾಗ ಮೈಸೂರಿನಲ್ಲಿ ಸ್ನಾತಕೋತ್ತರ ಪದವಿಗೆ 76 ಕ್ರೆಡಿಟ್‌ಗಳನ್ನು ಗಳಿಸಬೇಕೆಂದು ಗೊತ್ತುಮಾಡಿದರು. ಕಡ್ಡಾಯವಾದ ವಿಷಯಗಳು ಕೆಲವು, ಆರಿಸಿಕೊಳ್ಳುವ ವಿಷಯಗಳು ಕೆಲವು, ಬೇರೆ ವಿಭಾಗಕ್ಕೆ ಹೋಗಿ ಓದಬೇಕಾದುದೂ ಸ್ವಲ್ಪ. ಈ ಕೊನೆಯದನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬ ವಾರಕ್ಕೆ ಕೆಲವು ಗಂಟೆ ಕನ್ನಡದ ತರಗತಿಯಲ್ಲಿ ಬಂದು ಕೂರುವುದಾದರೆ, ತತ್ತ್ವಶಾಸ್ತ್ರದಿಂದ ಬಂದವರೊಬ್ಬರು ಕೂತ ಬೆಂಚು ಅದು ಎಂಬುದನ್ನು ಅವನಿಗೆ ಯಾರಾದರೂ ಹೇಳಬೇಕು. ಬಿಡಿಬಿಡಿಯಾಗಿ ಓದುವುದರಿಂದ ಇಡಿಯ ಕಾವ್ಯವನ್ನು ಓದುವ ಅಭ್ಯಾಸ ಕುಗ್ಗುತ್ತದೆಯೆಂಬ ಆಕ್ಷೇಪವೂ ಉಂಟು, ಅದನ್ನು ಅಲ್ಲಗಳೆಯಲಾರೆವು. ಪಂಪನ ಎರಡು ಆಶ್ವಾಸಗಳಿಂದ ಪಂಪ ಕೈಗೆ ಸಿಕ್ಕುವವನಲ್ಲ.

ಸೇರಬಯಸುವವರಿಗೆ ನಮ್ಮ ಸೂಚನೆ ಇಷ್ಟೇ. ಅರ್ಹತೆಯ ಅಂಕಗಳು, ಪದವಿಯಲ್ಲಿ ಓದಿರಬೇಕಾದ ವಿಷಯ, ಹಾಜರಿಯ ನಿಯಮ, ಶುಲ್ಕ, ಕೊನೆಯ ತಾರೀಖು ಇವು ಆಗಾಗ್ಗೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಬೇಕು. ನೆಂಟರ ಮಾತನ್ನು ನಂಬಿ ಕೂರಬಾರದು. ಅರ್ಜಿ ಹಾಕಿದ ದಿನಕ್ಕೂ ತರಗತಿ ಪ್ರಾರಂಭವಾಗುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಕೆಲವು ವಾರಗಳ ಬಿಡುವಿರುತ್ತದೆ. ಹಳಗನ್ನಡದ ಪರಿಚಯವಿಲ್ಲದವರು ಆ ಬಿಡುವಿನಲ್ಲಿ ಕಾವ್ಯಕ್ಕೆ ಕೈಹಾಕದೆ ಮೊದಲು ಗದ್ಯವನ್ನು ಹಿಡಿಯುವುದು ಒಳ್ಳೆಯದು. 'ವಡ್ಡಾರಾಧನೆ'ಯ ಸುಕುಮಾರಸ್ವಾಮಿಯ ಕಥೆಯನ್ನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಗಟ್ಟಿಯಾಗಿ ಓದಿಕೊಂಡರೆ ತರಗತಿಯ ಮೊದಲ ಪಾಠ ಅಷ್ಟೊಂದು ಅಪರಿಚಿತವಾಗಿ ಕಾಣುವುದಿಲ್ಲ.